ಎರಡು ನಮೂನೆಗಳ ನಡುವೆ

ಧಾರವಾಡದ ಕಡೆಯವರಾದ ನಮಗೆ, ಪರಿಚಯದವರು ಎದುರಾದೊಡನೆ ಬಾಯಿಗೆ ಬರುವ ಮೊದಲ ಮಾತು ‘ಆರಾಮ ಇದ್ದೀರೇನು?’ ಎಂಬುದು. ಊರು ಬಿಟ್ಟು ಹದಿನೇಳು ವರ್ಷಗಳಾದವು. ಠಾಣೆಯ ಮಾಜಿವಾಡಾದಲ್ಲಿ, ಮರಾಠಿ, ಗುಜರಾತಿ, ತುಳು ಎಲ್ಲವೂ ಬೆರೆತ ನೆರೆಹೊರೆಯಲ್ಲಿ ಬಾಳುತ್ತಿದ್ದರೂ ಈ ರೂಢಿ ನಮ್ಮನ್ನು ಬಿಟ್ಟಿಲ್ಲ. ಈ ಪ್ರಶ್ನೆಗೆ ನಮ್ಮ ನುಡಿಯಲ್ಲಿ ಎರಡೇ ಉತ್ತರಗಳಿವೆ. ಜಡ್ಡಿನಿಂದ ಮಲಗಿದವರು ‘ಆರಾಮ ಇಲ್ಲ’ ಎನ್ನುತ್ತಾರೆ. ಎದ್ದು ಓಡಾಡುವಂತಾದ ಮೇಲೆ ‘ಆರಾಮ ಆತು’ ಎನ್ನುತ್ತಾರೆ. ಬಂದ ಮೇಲೆ ಹೋಗಲೊಲ್ಲದ, ಹಾಗೆಂದು ಹಾಸಿಗೆ ಹಿಡಿಸಲೂ ಒಲ್ಲದ ಕಾಯಿಲೆಯವರು ಏನು ಹೇಳಬೇಕೆಂಬುದನ್ನು ನಮ್ಮ ಹಿರಿಯರು ಯೋಚಿಸಿದಂತಿಲ್ಲ. ಅವರ ಕಾಲದಲ್ಲಿ ಕಾಯಿಲೆ ಹೋಗುತ್ತಿತ್ತು. ಇಲ್ಲವೇ ಮನುಷ್ಯ ಹೋಗುತ್ತಿದ್ದ.

ಕೇಂದ್ರ ಸರ್ಕಾರದ ನೌಕರಿಗೆ ಸೇರಿದ ಮೇಲೆ, ಸರ್ಕಾರದ ವ್ಯಾಕರಣವೂ ನಮ್ಮ ಧಾರವಾಡದ ವ್ಯಾಕರಣದಂತೆಯೇ ಇದೆಯೆಂದು ತಿಳಿಯಿತು. ನಮ್ಮ ರಜೆಗಳನ್ನು ಆಳುವುದು 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು. ಅನಾರೋಗ್ಯದ ರಜೆ ಬೇಕಾದವರು ವೈದ್ಯರಿಂದ ನಮೂನೆ 3ರಲ್ಲಿ ಪ್ರಮಾಣಪತ್ರ ತರಬೇಕು. ಮರಳಿ ಕೆಲಸಕ್ಕೆ ಬರುವಾಗ ನಮೂನೆ 5ರಲ್ಲಿ ಇನ್ನೊಂದು ಪ್ರಮಾಣಪತ್ರ ತರಬೇಕು. ಮೊದಲನೆಯದು ‘ಆರಾಮ ಇಲ್ಲ’. ಎರಡನೆಯದು ‘ಆರಾಮ ಆತು’. ಟೈಫಾಯ್ಡ್, ಕಾಮಾಲೆ, ಮುರಿದ ಕಾಲು ಇವೆಲ್ಲ ಈ ಎರಡು ಕಾಗದಗಳ ನಡುವೆ ಸುಖವಾಗಿ ಹಿಡಿಸುತ್ತವೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ವೈಫಲ್ಯ, ಸಂಧಿವಾತ, ಅಪಸ್ಮಾರ, ವರ್ಷಗಟ್ಟಲೆ ಕಾಡುವ ಖಿನ್ನತೆ ಹಿಡಿಸುವುದಿಲ್ಲ. ಆ ರೋಗಿ ಪ್ರತಿದಿನವೂ ಅಸ್ವಸ್ಥ, ಪ್ರತಿದಿನವೂ ಕರ್ತವ್ಯಕ್ಕೆ ಸಮರ್ಥ. ಅವನಿಗೆ ಎರಡು ತಿಂಗಳ ರಜೆಗಿಂತ ದಿನಕ್ಕೆ ಹದಿನೈದು ನಿಮಿಷ ಹೆಚ್ಚು ಮುಖ್ಯ. ಹದಿನೈದು ನಿಮಿಷಕ್ಕೆ ನಮೂನೆಯಿಲ್ಲ.

ಇದನ್ನು ನಾವು ನಿಯಮ ಪುಸ್ತಕ ಓದಿ ಕಲಿಯಲಿಲ್ಲ. ಒಬ್ಬರಿಗೆ ಮಾಡಿದ ಅನ್ಯಾಯದಿಂದ ಕಲಿತೆವು. ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದರು.

ನಮ್ಮ ಕಚೇರಿ ಇರುವುದು ಮುಂಬಯಿಯ ಫೋರ್ಟ್ ಭಾಗದಲ್ಲಿ. ಬೆಳಿಗ್ಗೆ ಮಾಜಿವಾಡಾ ನಾಕಾದಲ್ಲಿ ಬಸ್ಸು ಹತ್ತಬೇಕು. ಘೋಡಬಂದರ್ ರಸ್ತೆಯೂ ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯೂ ಕೂಡುವ ಆ ಜಾಗದಲ್ಲಿ, ಮೇಲ್ಸೇತುವೆಗಳ ಕೆಳಗೆ, ಮೆಟ್ರೋ ಕಂಬಗಳ ಸಾಲಿನ ನಡುವೆ ಹದಿನೈದು ನಿಮಿಷ ನಿಂತಲ್ಲೇ ನಿಲ್ಲುವುದು ದಿನದ ಮಾತು. ಅಲ್ಲಿಂದ ಠಾಣೆ ನಿಲ್ದಾಣ, ಅಲ್ಲಿಂದ ಲೋಕಲ್ ಗಾಡಿ. 1853ರ ಏಪ್ರಿಲ್ 16ರಂದು ಈ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ನಮ್ಮ ಠಾಣೆಯಲ್ಲಿಯೇ. ಮೂವತ್ತನಾಲ್ಕು ಕಿಲೋಮೀಟರಿನ ಅದೇ ದಾರಿಯನ್ನು ನಾವು ದಿನಕ್ಕೆರಡು ಸಲ, ಬಹುಪಾಲು ನಿಂತೇ, ಸವೆಸುತ್ತೇವೆ. ಆರೋಗ್ಯವಂತರನ್ನೇ ಹಿಂಡಿ ಬಿಡುವ ಪ್ರಯಾಣವಿದು. ಕಚೇರಿಯ ಬಾಗಿಲಲ್ಲಿ ಬೆರಳೊತ್ತುವ ಯಂತ್ರಕ್ಕೆ ಇದೊಂದೂ ತಿಳಿಯದು. ತಡವಾದ ಪ್ರತಿ ದಿನಕ್ಕೂ ಅರ್ಧ ದಿನದ ಸಾಂದರ್ಭಿಕ ರಜೆ ಕಡಿತ. ಸಕಾರಣವಿದ್ದರೆ ತಿಂಗಳಿಗೆ ಎರಡು ಸಲ, ಒಂದು ಗಂಟೆಯೊಳಗಿನ ವಿಳಂಬವನ್ನು ಮನ್ನಿಸಬಹುದು. ಮನ್ನಿಸುವ ಅಧಿಕಾರ ನಮ್ಮ ವಿಭಾಗದ ಮಟ್ಟಿಗೆ ನಮ್ಮ ಕೈಯಲ್ಲಿತ್ತು. ಹದಿನಾಲ್ಕು ಜನರ ಹಾಜರಿ, ರಜೆ, ವಾರ್ಷಿಕ ವರದಿ ಎಲ್ಲವೂ ನಮ್ಮ ಮೇಜಿನ ಮೇಲೆ ಹಾಯ್ದೇ ಹೋಗುತ್ತಿದ್ದವು.

ಆ ಹದಿನಾಲ್ವರಲ್ಲಿ ಹಿರಿಯ ಸಹಾಯಕರೊಬ್ಬರಿದ್ದರು. ಕಡತದಲ್ಲಿ ಅವರ ಟಿಪ್ಪಣಿಗಳು ಅಚ್ಚುಕಟ್ಟು, ಅಕ್ಷರವೂ ಅಷ್ಟೇ. ಆದರೆ ಪ್ರತಿದಿನ ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಅವರು ಆಸನದಲ್ಲಿ ಇರುತ್ತಿರಲಿಲ್ಲ. ಊಟದ ವಿರಾಮ ಒಂದೂ ಕಾಲಿಗೆ. ಅರ್ಧ ಗಂಟೆ ಮುಂಚೆಯೇ ಎದ್ದುಹೋಗುವ ಈ ಚಾಳಿಯನ್ನು ನಾವು ಕೆಲವು ತಿಂಗಳು ನೋಡಿದೆವು, ಒಂದೆರಡು ಸಲ ಕೇಳಿದೆವು. ‘ಸ್ವಲ್ಪ ಕೆಲಸವಿತ್ತು ಸರ್’ ಎಂಬುದಷ್ಟೇ ಉತ್ತರ. ಕೊನೆಗೆ, ಕಚೇರಿ ವೇಳೆಯಲ್ಲಿ ಆಸನದಲ್ಲಿ ಲಭ್ಯರಿರದ ಬಗ್ಗೆ ವಿವರಣೆ ಕೇಳಿ ಒಂದು ಮೆಮೊ ಕೊಟ್ಟೆವು. ಅದರ ಭಾಷೆ ಬಹಳ ಚೆನ್ನಾಗಿತ್ತು. ಇಂಗ್ಲಿಷ್ ಎಂ.ಎ. ಮಾಡಿದವರು ಬರೆದ ಮೆಮೊ ಅಲ್ಲವೇ.

ಮಾರ್ಚ್ ತಿಂಗಳು. ಆರ್ಥಿಕ ವರ್ಷದ ಕೊನೆ. ಮೇಲಿನವರ ಕರೆ ಬಂದು, ಹನ್ನೆರಡೂ ಐವತ್ತಕ್ಕೆ ಎಲ್ಲರನ್ನೂ ಸಭೆಗೆ ಕೂರಿಸಿದೆವು. ಇಪ್ಪತ್ತು ನಿಮಿಷದ ಸಭೆ ಎರಡು ಗಂಟೆ ದಾಟಿತು. ಹಿರಿಯ ಸಹಾಯಕರು ಒಂದು ಸಲ ಏಳಲು ನೋಡಿದರು. ಮೆಮೊ ಕೊಟ್ಟು ಇನ್ನೂ ಹತ್ತು ದಿನವಾಗಿರಲಿಲ್ಲ. ನಾವು ಕಣ್ಣೆತ್ತಿ ನೋಡಿದೆವು, ಅವರು ಕುಳಿತರು. ಸ್ವಲ್ಪ ಹೊತ್ತಿಗೆ ಅವರ ಅಂಗಿ ಬೆವರಿನಿಂದ ತೊಯ್ದಿತು. ಕೇಳಿದ ಅಂಕಿಗೆ ಬೇರೆ ಅಂಕಿ ಹೇಳಿದರು. ಮಾತು ತೊದಲಿತು, ನಾವು ಕಂಡೇ ಇರದಂತೆ ಸಿಟ್ಟಾದರು. ಸಭೆಯಲ್ಲಿದ್ದ ಒಬ್ಬರು ನಮ್ಮ ಕಿವಿಯ ಬಳಿ ‘ಕುಡಿದು ಬಂದಿದ್ದಾರೇನೋ’ ಎಂದರು. ನಾಚಿಕೆಯ ಸಂಗತಿಯೆಂದರೆ, ಆ ಕ್ಷಣ ನಮಗೂ ಹಾಗೆಯೇ ಅನಿಸಿತು.

ಅವರನ್ನು ಉಳಿಸಿದ್ದು ಚಹಾ ತಂದಿದ್ದ ನಮ್ಮ ಕಚೇರಿಯ ಸಹಾಯಕಿ. ಆಕೆಯ ತಾಯಿಗೆ ಸಕ್ಕರೆ ಕಾಯಿಲೆ. ಮುಖ ನೋಡಿದವಳೇ ಯಾರನ್ನೂ ಕೇಳದೆ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿ, ಕಲಕಿ, ಅವರ ತುಟಿಗೆ ಹಿಡಿದಳು. ಹದಿನೈದು ನಿಮಿಷದಲ್ಲಿ ಅವರು ಅವರಾದರು. ಸುತ್ತ ನಿಂತವರನ್ನು ನೋಡಿ, ಮೊದಲು ಮಾಡಿದ ಕೆಲಸವೆಂದರೆ ಕ್ಷಮೆ ಕೇಳಿದ್ದು.

ಹನ್ನೊಂದು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರಂತೆ. ಅವರಿಗೆ ಕೊಟ್ಟಿದ್ದ ಬಗೆಯ ಇನ್ಸುಲಿನ್ನನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಚುಚ್ಚಿಕೊಳ್ಳಬೇಕು. ಹನ್ನೆರಡೂ ಮುಕ್ಕಾಲಿಗೆ ಹಳೆಯ ಕಡತಗಳ ಕೋಣೆಗೆ ಹೋಗಿ, ಎರಡು ಅಲ್ಮೇರಾಗಳ ಸಂದಿಯಲ್ಲಿ ನಿಂತು, ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡು ಬರುತ್ತಿದ್ದರು. ಆ ದಿನವೂ ಚುಚ್ಚಿಕೊಂಡು ಬಂದಿದ್ದರು. ಊಟ ಮಾತ್ರ ಆಗಲಿಲ್ಲ. ಒಳಗೆ ಹೋದ ಇನ್ಸುಲಿನ್ ಸಭೆ ಮುಗಿಯಲಿ ಎಂದು ಕಾಯುವುದಿಲ್ಲ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ದೇಹ ಬೆವರಿ ನಡುಗುತ್ತದೆ; ಇನ್ನೂ ಇಳಿದರೆ ಮಿದುಳಿಗೆ ಮೇವು ಸಾಲದೆ ಮಾತು ತಪ್ಪುತ್ತದೆ. ನೋಡುವವರಿಗೆ ಅದು ಕುಡಿತದಂತೆಯೇ ಕಾಣುತ್ತದೆ. ಎಚ್ಚರವಿರುವವರೆಗೆ 15 ಗ್ರಾಮಿನಷ್ಟು, ಎಂದರೆ ಸುಮಾರು ಮೂರು ಚಮಚ, ಸಕ್ಕರೆ ಕೊಟ್ಟು ಹದಿನೈದು ನಿಮಿಷ ಕಾಯಬೇಕು. ಚೇತರಿಸದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇಷ್ಟು ಸಣ್ಣ ಸಂಗತಿ ಆ ಕೋಣೆಯಲ್ಲಿದ್ದ ಪದವೀಧರರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐ.ಸಿ.ಎಂ.ಆರ್. ನಡೆಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ಎಷ್ಟು ಜನ ಯಾವ ಯಾವ ಅಲ್ಮೇರಾಗಳ ಸಂದಿಯಲ್ಲಿ ನಿಂತಿದ್ದಾರೋ.

ಅಂದು ಸಂಜೆ ಅವರನ್ನು ಕೂರಿಸಿಕೊಂಡು ಕೇಳಿದೆವು: ‘ಮೊದಲೇ ಏಕೆ ಹೇಳಲಿಲ್ಲ? ಹೇಳಿದ್ದರೆ ಮೆಮೊ ಕೊಡುತ್ತಿದ್ದೆವೇ?’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಹೇಳಿದ್ದರೆ ನೀವು ಬರೆಯುತ್ತಿದ್ದಿರಿ, ಸರ್.’

ನಮಗೆ ಉತ್ತರ ತೋಚಲಿಲ್ಲ. ನೌಕರರ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ‘ಆರೋಗ್ಯ ಸ್ಥಿತಿ’ ಎಂಬ ಒಂದು ಅಂಕಣವಿರುತ್ತದೆ. ವರ್ಷಾನುವರ್ಷ ನಾವು ಅಲ್ಲಿ ಎಲ್ಲರಿಗೂ ‘ಉತ್ತಮ’ ಎಂದು, ಬಹುಮಟ್ಟಿಗೆ ಯೋಚಿಸದೆ, ಬರೆಯುತ್ತ ಬಂದಿದ್ದೆವು. ನಮಗೆ ಅದು ಬರಿಯ ಒಂದು ಶಬ್ದ. ಬರೆಸಿಕೊಳ್ಳುವವರಿಗೆ ಅದು ಬಡ್ತಿ, ವರ್ಗಾವಣೆ, ‘ಈ ಕೆಲಸ ಇವರಿಂದ ಆದೀತೇ’ ಎಂಬ ಪಿಸುಮಾತು. ಆತ ಕಾಯಿಲೆಗೆ ಹೆದರಿ ಅಡಗಿರಲಿಲ್ಲ. ನಮ್ಮ ಲೇಖನಿಗೆ ಹೆದರಿ ಅಡಗಿದ್ದರು.

ಮೆಮೊವನ್ನು ಹರಿದು ಹಾಕೋಣವೆಂದರೆ ಸರ್ಕಾರದಲ್ಲಿ ಹೊರಟ ಕಾಗದವನ್ನು ಹರಿಯಲಾಗದು, ಮುಕ್ತಾಯಗೊಳಿಸಬೇಕು. ‘ವಿವರಣೆ ತೃಪ್ತಿಕರ, ಪ್ರಕರಣ ಮುಕ್ತಾಯ’ ಎಂದು ಬರೆದು ಸಹಿ ಮಾಡಿದೆವು. ವಿವರಣೆ ಏನೆಂಬುದನ್ನು ಬರೆಯಲಿಲ್ಲ. ನಮ್ಮ ಸೇವೆಯಲ್ಲಿ ಬೇಕೆಂದೇ ಅಪೂರ್ಣವಾಗಿ ಬರೆದ ಮೊದಲ ಟಿಪ್ಪಣಿ ಅದು.

ಇದಾದ ಎರಡು ವರ್ಷಕ್ಕೆ ನಮ್ಮದೇ ರಕ್ತಪರೀಕ್ಷೆಯ ವರದಿ ಬಂತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಅಂಕಿ 9.1. 6.5 ದಾಟಿದರೆ ಮಧುಮೇಹ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪಾಕೀಟಿನಲ್ಲಿಟ್ಟುಕೊಂಡೆವು. ಮನೆಯಲ್ಲಿ ಹೇಳಿದೆವು, ಕಚೇರಿಯಲ್ಲಿ ಹೇಳಲಿಲ್ಲ. ಮಾತ್ರೆಯ ಪಟ್ಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟು, ನೀರು ಕುಡಿಯುವ ನೆಪದಲ್ಲಿ ನುಂಗತೊಡಗಿದೆವು. ಯಾರದೋ ಬಡ್ತಿಯ ಪೇಢೆ ಬಂದರೆ ‘ಏಕಾದಶಿ’ ಎನ್ನುತ್ತಿದ್ದೆವು. ಆ ವರ್ಷ ನಮಗೆ ತಿಂಗಳಿಗೆ ಆರೇಳು ಏಕಾದಶಿಗಳು. ಹಿರಿಯ ಸಹಾಯಕರ ಮಾತನ್ನು ಕೇಳಿ ಅಷ್ಟು ನೊಂದಿದ್ದ ನಾವೇ ನಾಲ್ಕು ತಿಂಗಳು ಹೀಗೆ ಕಳ್ಳತನದಲ್ಲಿ ಕಳೆದೆವು. ಅವರು ಒಂದು ದಿನ ಕಡತ ಕೊಡಲು ಬಂದವರು, ತೆರೆದಿದ್ದ ಕನ್ನಡಕದ ಡಬ್ಬಿಯನ್ನು ನೋಡಿ, ಏನೂ ಹೇಳದೆ ಅದರ ಮುಚ್ಚಳ ಮುಚ್ಚಿ ಹೋದರು.

ಓದುವ ಕಾಲದಲ್ಲಿ ವರ್ಜೀನಿಯಾ ವುಲ್ಫ್ 1926ರಲ್ಲಿ ಕಾಯಿಲೆಯ ಮೇಲೆ ಬರೆದ ಪ್ರಬಂಧವನ್ನು ಪರೀಕ್ಷೆಗೆಂದು ಓದಿದ್ದೆವು. ಪ್ರೇಮಕ್ಕೆ, ಯುದ್ಧಕ್ಕೆ ಸಾಹಿತ್ಯದಲ್ಲಿ ಸಿಕ್ಕ ಸ್ಥಾನ ಕಾಯಿಲೆಗೆ ಏಕೆ ಸಿಗಲಿಲ್ಲ, ನೋವನ್ನು ಹೇಳಹೊರಟವರಿಗೆ ಭಾಷೆಯೇಕೆ ಕೈಕೊಡುತ್ತದೆ ಎಂಬುದು ಅದರ ಚಿಂತೆ. ಅಂದು ಚೆನ್ನಾಗಿ ಉತ್ತರ ಬರೆದು ಅಂಕ ಪಡೆದೆವು. ಕಚೇರಿಯಲ್ಲಿ ಕಂಡ ತೊಡಕು ಇನ್ನೊಂದು: ಶಬ್ದವಿರುತ್ತದೆ, ಅದನ್ನು ಆಡಿದರೆ ಏನಾದೀತೆಂಬ ಭಯ ಬಾಯಿ ಮುಚ್ಚಿಸುತ್ತದೆ.

ಆ ಭಯ ಕಲ್ಪನೆಯದಲ್ಲ. ನಮ್ಮ ಕಚೇರಿಯಿಂದ ಹತ್ತು ನಿಮಿಷ ನಡೆದರೆ ಓವಲ್ ಮೈದಾನದ ಅಂಚಿನಲ್ಲಿ ಬಾಂಬೆ ಹೈಕೋರ್ಟಿನ ಕಟ್ಟಡವಿದೆ. 1997ರಲ್ಲಿ ಅಲ್ಲಿ ತೀರ್ಮಾನವಾದ ಒಂದು ಪ್ರಕರಣದಲ್ಲಿ ಅರ್ಜಿದಾರನ ಹೆಸರು ‘ಎಂಎಕ್ಸ್’, ಎದುರಾಳಿಯ ಹೆಸರು ‘ಝಡ್‌ವೈ’. ಎಂಎಕ್ಸ್ ಸಾರ್ವಜನಿಕ ವಲಯದ ನಿಗಮವೊಂದರಲ್ಲಿ ದಿನಗೂಲಿ ಕಾರ್ಮಿಕ. ಕೆಲಸ ಖಾಯಂ ಆಗುವ ಹೊತ್ತಿಗೆ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಐವಿ ಸೋಂಕು ಕಂಡುಬಂತು. ದುಡಿಯುವ ಶಕ್ತಿಗೆ ಯಾವ ಕುಂದೂ ಇರಲಿಲ್ಲ. ಆದರೂ ಕೆಲಸ ಹೋಯಿತು. ಆತನ ಗುರುತನ್ನು ಗುಪ್ತವಾಗಿಡಲು ನ್ಯಾಯಾಲಯ ಒಪ್ಪಿತು. ಕೆಲಸ ಮಾಡಲು ಸಮರ್ಥನಾಗಿದ್ದು, ಇತರರಿಗೆ ಅಪಾಯವಿಲ್ಲದಿದ್ದರೆ, ಸೋಂಕಿದೆ ಎಂಬುದೊಂದೇ ಕಾರಣಕ್ಕೆ ಉದ್ಯೋಗ ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತು. ಅದೇ ತತ್ತ್ವ ದೇಶದ ಕಾನೂನಾದದ್ದು ಎರಡು ದಶಕಗಳ ನಂತರ, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯಲ್ಲಿ. ಜಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ. ತನ್ನ ಹಕ್ಕನ್ನು ಗೆದ್ದ ಮನುಷ್ಯನೂ ಹೆಸರನ್ನು ಎರಡು ಅಕ್ಷರಗಳ ಹಿಂದೆ ಮರೆಸಿಕೊಂಡೇ ಗೆಲ್ಲಬೇಕಾಯಿತು. ಊಟದ ವಿರಾಮದಲ್ಲಿ ಆ ಕಟ್ಟಡದ ಮುಂದೆ ಹಾದುಹೋಗುವಾಗ, ಆ ಎರಡು ಅಕ್ಷರಗಳ ಮನುಷ್ಯ ನಮಗೆ ಈಗ ಹತ್ತಿರದವನೆನಿಸುತ್ತಾನೆ.

ಕಾನೂನುಗಳು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಅದರಲ್ಲಿವೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆ ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದು ಹೇಳುತ್ತದೆ. ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕಂತೆ ಕೆಲಸದ ಏರ್ಪಾಟನ್ನು ಬದಲಿಸಿಕೊಡುವ ‘ಸಮಂಜಸ ಹೊಂದಾಣಿಕೆ’ ಎಂಬ ಒಳ್ಳೆಯ ಕಲ್ಪನೆಯೂ ಅದರಲ್ಲಿದೆ. ಆದರೆ ಮಧುಮೇಹವಾಗಲಿ ಮೂತ್ರಪಿಂಡದ ವೈಫಲ್ಯವಾಗಲಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ಕಾಯಿಲೆಯವನು ಮತ್ತೆ ನಮೂನೆ 3 ಮತ್ತು ನಮೂನೆ 5ರ ನಡುವೆಯೇ ನಿಲ್ಲಬೇಕು.

ಅಲ್ಲಿ ನಿಂತು ಸೋತ ಒಬ್ಬರ ಲೆಕ್ಕವನ್ನೂ ಇಲ್ಲಿ ಕೊಡಬೇಕು. ಕಲ್ಯಾಣದಿಂದ ಬರುತ್ತಿದ್ದ ನಮ್ಮ ಇನ್ನೊಬ್ಬ ಸಹೋದ್ಯೋಗಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆರಂಭವಾಯಿತು. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ವರ್ಷಕ್ಕೆ 156 ಸಲ. ನಮ್ಮ ರಜೆ ಹೀಗಿದೆ: ಗಳಿಕೆ ರಜೆ 30 ದಿನ, ಅರ್ಧ ವೇತನ ರಜೆ 20 ದಿನ, ಅದನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ 10 ದಿನಗಳ ಪೂರ್ಣ ವೇತನದ ರಜೆಯಾಗಿ ಪರಿವರ್ತಿಸಬಹುದು, ಸಾಂದರ್ಭಿಕ ರಜೆ 8 ದಿನ. ಒಟ್ಟು 48. ಎಲ್ಲವನ್ನೂ ಅರ್ಧರ್ಧ ದಿನ ಮಾಡಿದರೂ 96 ಸಲವಷ್ಟೇ. ಸಾಂದರ್ಭಿಕ ರಜೆಯೊಂದನ್ನು ಬಿಟ್ಟರೆ ಉಳಿದವನ್ನು ಹಾಗೆ ಅರ್ಧ ಮಾಡಲೂ ಬಾರದು. ಇನ್ನುಳಿದ ಅರವತ್ತನ್ನು ಅವರು ಎಲ್ಲಿಂದ ತರಬೇಕು? ಇಪ್ಪತ್ತಾರು ವರ್ಷ ಕೂಡಿಸಿಟ್ಟ ರಜೆ ಬೇಸಿಗೆಯ ಕೆರೆಯಂತೆ ಇಳಿಯತೊಡಗಿತು.

ಅವರ ಬೇಡಿಕೆ ರಜೆಯದಲ್ಲ. ಕಲ್ಯಾಣದ ಕೇಂದ್ರದಲ್ಲಿ ಸಂಜೆಯ ಪಾಳಿ ಸಿಗುತ್ತಿತ್ತು. ವಾರಕ್ಕೆ ಮೂರು ದಿನ ಬೇಗ ಬಂದು ಬೇಗ ಹೋಗಲು ಬಿಡಿ, ಒಟ್ಟು ಗಂಟೆಗಳನ್ನು ಪೂರ್ತಿ ದುಡಿಯುತ್ತೇನೆ ಎಂದರು. ನಾವು ಬಲವಾಗಿ ಶಿಫಾರಸು ಮಾಡಿ ಮೇಲೆ ಕಳಿಸಿದೆವು. ನಿಯಮದಲ್ಲಿ ಅವಕಾಶವಿದೆಯೇ ಪರಿಶೀಲಿಸಿ ಎಂಬ ಟಿಪ್ಪಣಿಯೊಂದಿಗೆ ಕಡತ ಮರಳಿತು. ಹುಡುಕಿದೆವು. ಅಂಗದಾನ ಮಾಡುವ ಕೇಂದ್ರ ನೌಕರರಿಗೆ 2023ರಿಂದ 42 ದಿನಗಳ ವಿಶೇಷ ಸಾಂದರ್ಭಿಕ ರಜೆ ಇರುವುದು ಸಿಕ್ಕಿತು. ಒಳ್ಳೆಯ ಆದೇಶ. ಮೂತ್ರಪಿಂಡ ಕೊಟ್ಟವನ ಗಾಯ ಮಾಗುತ್ತದೆ, ಅವನು ಮರಳಿ ಬರುತ್ತಾನೆ. ಅವನು ಎರಡು ನಮೂನೆಗಳ ನಡುವೆ ಹಿಡಿಸುವ ಮನುಷ್ಯ. ವಾರಕ್ಕೆ ಮೂರು ಸಂಜೆ ಬೇಕೆಂಬವನಿಗೆ ನಾವು ಹುಡುಕಿದಲ್ಲಿ ಒಂದು ಸಾಲೂ ಸಿಗಲಿಲ್ಲ. ಕಡತ ಇನ್ನೆರಡು ಸಲ ಮೇಲೆ ಹೋಗಿ ಕೆಳಗೆ ಬಂತು. ಅಷ್ಟರಲ್ಲಿ ಅವರು ಸ್ವಯಂ ನಿವೃತ್ತಿಗೆ ಅರ್ಜಿ ಬರೆದರು. ವಯಸ್ಸು ಐವತ್ತನಾಲ್ಕು. ಆ ಅರ್ಜಿಯನ್ನು ಮುಂದಕ್ಕೆ ಕಳಿಸಿದ ಸಹಿ ನಮ್ಮದೇ. ಅದಕ್ಕೆ ಮಾತ್ರ ನಿಯಮ ಸ್ಪಷ್ಟವಾಗಿತ್ತು. ಒಂದೇ ಸಲಕ್ಕೆ ಮಂಜೂರಾಯಿತು.

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆ ನಮ್ಮಲ್ಲಿದೆ. ಅವರ ವಿಷಯದಲ್ಲಿ ರೋಗಿಯೂ ಅದನ್ನೇ ಬಯಸಿದ್ದರು, ವೈದ್ಯರೂ ಅದನ್ನೇ ಹೇಳಿದ್ದರು, ಕಚೇರಿಗೂ ಅದರಿಂದ ನಷ್ಟವಿರಲಿಲ್ಲ. ಬಡಿಸುವ ಕೈಯೊಂದು ಇರಲಿಲ್ಲ.

ಅವರು ಹೋದ ಮೇಲೆ ನಾವು, ನಮ್ಮ ಅಧಿಕಾರದ ಅಂಗೈಯಗಲದಲ್ಲಿ ಏನು ಸಾಧ್ಯವೋ ಅಷ್ಟನ್ನು, ಯಾವ ಆದೇಶವನ್ನೂ ಹೊರಡಿಸದೆ ಮಾಡಿದ್ದೇವೆ. ಹನ್ನೆರಡೂ ಮುಕ್ಕಾಲರಿಂದ ಎರಡರವರೆಗೆ ನಮ್ಮ ವಿಭಾಗದಲ್ಲಿ ಸಭೆಯಿಲ್ಲ. ಹಳೆಯ ಕಡತಗಳ ಕೋಣೆಯ ಒಂದು ಮೂಲೆಗೆ ಪರದೆ, ಮೇಜು, ಕುರ್ಚಿ, ದೀಪ ಬಂದಿವೆ; ಸೂಜಿ ಹಾಕಲು ಗಟ್ಟಿ ಡಬ್ಬಿಯೊಂದಿದೆ. ಆ ಮೂಲೆಗೆ ಯಾರು ಏಕೆ ಹೋದರೆಂದು ಯಾರೂ ಕೇಳುವುದಿಲ್ಲ. ಚಹಾದ ಕಪಾಟಿನಲ್ಲಿ ಸಕ್ಕರೆಯ ಪೊಟ್ಟಣಗಳಿವೆ. ಅವು ಏಕಿವೆಯೆಂದು ಹದಿನಾಲ್ವರಿಗೂ ಗೊತ್ತು. ತಿಳಿಸಿಕೊಟ್ಟವಳು ಅದೇ ಸಹಾಯಕಿ. ತಿಂಗಳ ಎರಡು ವಿಳಂಬಗಳನ್ನು ಮನ್ನಿಸುವಾಗ ನಾವೀಗ ಕಾಯಿಲೆಯ ಹೆಸರನ್ನು ಬರೆಸಿಕೊಳ್ಳುವುದಿಲ್ಲ. ‘ಕಾರಣ ಸಮಂಜಸ’ ಎಂದಷ್ಟೇ ಬರೆಯುತ್ತೇವೆ. ಇನ್ನೊಂದು ಮಾತು ಕೊಟ್ಟಿದ್ದೇವೆ: ನಿಮ್ಮ ಕಾಯಿಲೆಯನ್ನು ನಮಗೇ ಹೇಳಬೇಕೆಂದಿಲ್ಲ, ಆದರೆ ಈ ಕೋಣೆಯಲ್ಲಿ ನೀವು ನಂಬುವ ಒಬ್ಬರಿಗಾದರೂ ಹೇಳಿ. ಬಿದ್ದ ದಿನ ಒಬ್ಬರಿಗೆ ಗೊತ್ತಿದ್ದರೆ ಸಾಕು.

ಈ ಏರ್ಪಾಟುಗಳಿಗೆ ಖರ್ಚಾದದ್ದು ಒಂದು ಪರದೆಯ ಬೆಲೆ. ಒಂದು ವರ್ಷದೊಳಗೆ ಮೂವರು ಹೇಳಿಕೊಂಡರು. ಒಬ್ಬರಿಗೆ ಅಪಸ್ಮಾರ, ಒಬ್ಬರಿಗೆ ಸಂಧಿವಾತ. ಮೂರನೆಯವರದನ್ನು ಬರೆಯುವುದಿಲ್ಲ. ಮೂವರೂ ನಮ್ಮೊಡನೆ ಐದಕ್ಕಿಂತ ಹೆಚ್ಚು ವರ್ಷ ಕೆಲಸ ಮಾಡಿದವರು. ಪ್ರತಿದಿನ ‘ಆರಾಮ ಇದ್ದೀರೇನು?’ ಎಂದು ನಾವು ಕೇಳುತ್ತಿದ್ದುದು, ಅವರು ‘ಆರಾಮ’ ಎನ್ನುತ್ತಿದ್ದುದು ಇವರನ್ನೇ. ಈಗ ಆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿದ್ದೇವೆ. ‘ಇವತ್ತು ಹೇಗಿದೆ?’ ಎನ್ನುತ್ತೇವೆ. ಅದಕ್ಕೆ ಎರಡಕ್ಕಿಂತ ಹೆಚ್ಚು ಉತ್ತರಗಳು ಬರುತ್ತವೆ.

ಇಲ್ಲಿಗೆ ಮುಗಿಸಿದರೆ ನಾವು ಬಹಳ ದೊಡ್ಡವರಾಗಿ ಕಂಡೇವು. ಆದ್ದರಿಂದ ಉಳಿದದ್ದನ್ನೂ ಹೇಳಿಬಿಡುತ್ತೇವೆ. ಕೆಳಗಿನ ಹದಿನಾಲ್ವರಿಗೆ ನಮ್ಮ ಸಕ್ಕರೆಯ ವಿಷಯ ಗೊತ್ತು. ಪೇಢೆ ಬಂದರೆ ಅವರೇ ನಮ್ಮ ಪಾಲನ್ನು ಎತ್ತಿಡುತ್ತಾರೆ. ಮೇಲಿನ ಒಬ್ಬರಿಗೆ ಗೊತ್ತಿಲ್ಲ. ನಮ್ಮ ವಾರ್ಷಿಕ ವರದಿಯ ‘ಆರೋಗ್ಯ ಸ್ಥಿತಿ’ಯ ಅಂಕಣವನ್ನು ತುಂಬುವವರು ಅವರು. ಕಳೆದ ಮೂರು ವರ್ಷಗಳಿಂದ ಅಲ್ಲಿ ‘ಉತ್ತಮ’ ಎಂದಿದೆ. ಸೌಮ್ಯ ಸ್ವಭಾವದವರು, ಹೇಳಿದರೆ ಬಹುಶಃ ಏನೂ ಆಗದು. ‘ಬಹುಶಃ’ ಎಂಬ ಆ ಒಂದು ಶಬ್ದದ ಹಿಂದೆ ನಾವಿನ್ನೂ ನಿಂತಿದ್ದೇವೆ, ಹಿರಿಯ ಸಹಾಯಕರು ಅಲ್ಮೇರಾಗಳ ಸಂದಿಯಲ್ಲಿ ನಿಂತಿದ್ದ ಹಾಗೆ. ಈ ಬರಹವನ್ನು ಇಲ್ಲಿ ಹಾಕುವ ಧೈರ್ಯ ಬಂದದ್ದು ಅವರಿಗೆ ಕನ್ನಡ ಬಾರದು ಎಂಬ ಭರವಸೆಯಿಂದ.